ಕುರಿಂಜಿ ನೋಡಲು ಒಬ್ಬಳೇ ಹೊರಟೆ

ರೀ,

ಕೋಟೆಬೆಟ್ಟ ನೆತ್ತಿಯ ತನಕ ಕುರಿಂಜಿ ಅರಳಿ ನೀಲಿಯಾಗಿದೆಯಂತೆ. ಹಿಂದೆ ಅರಳಿದಾಗ "ಮುಂದಿನ ವರ್ಷ ಹೋಗೋಣ" ಅಂದಿರಿ. ಅದು ಮತ್ತೆ ಅರಳಲು ಹನ್ನೆರಡು ವರ್ಷ ಹಿಡಿಯಿತು. ಇನ್ನು ನಿಮ್ಮನ್ನು ಕಾಯುವುದಿಲ್ಲ, ಒಬ್ಬಳೇ ಹತ್ತಿ ಸಂಜೆಗೆ ಬರುತ್ತೇನೆ.

ಕಡಂಬುಟ್ಟು ಮಾಡಿಟ್ಟಿದ್ದೇನೆ, ಕೋಳಿ ಸಾರು ಬಿಸಿ ಮಾಡಿಕೊಳ್ಳಿ. ದನಕ್ಕೆ ಹುಲ್ಲು ಹಾಕಿ.

ನಶ್ಯದ ಡಬ್ಬಿಗೆ ಮನೆಯೆಲ್ಲ ತಡಕಾಡಬೇಡಿ. ಜಿಗಣೆಗೆ ಉದುರಿಸಲು ನಾನೇ ಒಯ್ದಿದ್ದೇನೆ.

ತಡವಾದರೆ ಗಾಬರಿಬಿದ್ದು ಕೋವಿ ಮಾತ್ರ ಮುಟ್ಟಬೇಡಿ. ಹೋದ ತಿಂಗಳು ನಾನು ಸುಂಟಿಕೊಪ್ಪ ಸಂತೆಯಿಂದ ಬರುವುದು ತಡವಾಯಿತೆಂದು, ಕೇಳಿಸಿಕೊಂಡು ಬೇಗ ಬರಲಿ ಅಂತ ಅಂಗಳದಲ್ಲಿ ಎರಡು ಗುಂಡು ಹಾರಿಸಿದಿರಿ. ನಮ್ಮಲ್ಲಿ ಎರಡು ಗುಂಡು ಕೇಳಿದರೆ ಆ ಮನೆಯಲ್ಲಿ ಸಾವು ಅಂತಲೇ ಲೆಕ್ಕವಲ್ಲವೇ, ಊರಿಗೆ ಊರೇ ಓಡಿ ಬಂತು. ನನ್ನ ಸಾವಿಗೆ ಬಂದವರಿಗೆಲ್ಲ ಕಾಫಿ ಕಾಸಿ ಕೊಟ್ಟವಳು ನಾನೇ.

ಬೊಳ್ಳವ್ವ