ಓದುವ ಪೆಟ್ಟಿಗೆ

ಪಾಂಡವಪುರ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ಆತಿಯಾ,

ಅಸ್ಸಲಾಮು ಅಲೈಕುಮ್. ನೀನು, ಅಳಿಯಂದಿರು, ಪುಟ್ಟಿ ಮೂವರೂ ಚೆನ್ನಾಗಿದ್ದೀರೆಂದು ನಿನ್ನ ಅಬ್ಬಾನಿಂದ ದಿನವೂ ಕೇಳಿ ತಿಳಿದುಕೊಳ್ಳುತ್ತಿದ್ದೇನೆ. ಹದಿನೈದು ದಿನಗಳಿಂದ ನೀನು ಮಾಡಿದ ಒಂದು ಫೋನನ್ನೂ ನಾನು ಎತ್ತಲಿಲ್ಲ. ಕ್ಷಮಿಸು. ಫೋನು ಪಕ್ಕದಲ್ಲೇ ಇತ್ತು, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಅಳುತ್ತೀಯೆ. ನೀನು ಅತ್ತರೆ ಹೇಳಬೇಕಾದ್ದನ್ನು ನಾನು ನುಂಗಿಕೊಳ್ಳುತ್ತೇನೆ. ಅದಕ್ಕೇ ಈ ಕಾಗದ. ಕೆ.ಆರ್. ಪೇಟೆಗೆ ನಾಳೆಯ ಟಪಾಲಿನಲ್ಲಿ ಹಾಕಿಸುತ್ತೇನೆ.

ಮೊದಲು ಅಕ್ಷರ ನೋಡು. ಸಾಲು ಸೊಟ್ಟಗಾಗಿಲ್ಲ, ಒಂದರ ಮೇಲೊಂದು ಹತ್ತಿಲ್ಲ. ಯಾರ ಕೈಯಲ್ಲೂ ಬರೆಸಿದ್ದಲ್ಲ ಇದು. ನಾನೇ ಬರೆಯುತ್ತಿದ್ದೇನೆ, ಬರೆದದ್ದನ್ನು ನಾನೇ ಓದುತ್ತಿದ್ದೇನೆ. ನಿನಗೆ ಹೇಳದೆ ಮುಚ್ಚಿಟ್ಟಿದ್ದ ಸಂಗತಿ ಇದು. ಬಕ್ರೀದಿಗೆ ನೀನು ಬಂದಾಗ ತೋರಿಸಿ ಬೆರಗುಗೊಳಿಸಬೇಕೆಂದಿದ್ದೆ. ಪುಟ್ಟಿಗೆ ಜ್ವರ ಬಂದು ನಿಮಗೆ ಬರಲಾಗಲಿಲ್ಲ.

ಫೆಬ್ರವರಿಯಲ್ಲಿ ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ನೀನೇ ನನ್ನನ್ನು ಕರೆದುಕೊಂಡು ಹೋಗಿದ್ದೆ. ನಡುಭಾಗದ ನೋಟ ಹೋಗಿದೆ, ಸುತ್ತಂಚಿನದು ಉಳಿಯುತ್ತದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದು ಅವರು ಹೇಳಿದಾಗ ನೀನು ನನ್ನ ಕೈ ಹಿಡಿದುಕೊಂಡಿದ್ದೆ. ನೀನು ಔಷಧಿ ತರಲು ಹೋದ ಹೊತ್ತಿನಲ್ಲಿ ಅಲ್ಲಿಯ ನರ್ಸಮ್ಮ ನನ್ನನ್ನು ಒಳಕೋಣೆಗೆ ಕರೆದೊಯ್ದರು. ಮೇಜಿನ ಮೇಲೊಂದು ದೊಡ್ಡ ಟೀವಿ, ಅದರ ಕೆಳಗೆ ಕೊಂಡಿಯಲ್ಲಿ ಕೂರಿಸಿದ ಕ್ಯಾಮೆರಾ. ಕ್ಯಾಮೆರಾದ ಕೆಳಗೆ ಒಂದು ಹಳೆಯ ಪೇಪರು ಇಟ್ಟರು. ಟೀವಿಯಲ್ಲಿ ಅಕ್ಷರಗಳು ಅಂಗೈಯಷ್ಟಗಲ ಮೂಡಿದವು. ಕಣ್ಣನ್ನು ಸ್ವಲ್ಪ ಓರೆ ಮಾಡಿ ನೋಡಿದೆ. ‘ಮಂಡ್ಯ ಜಿಲ್ಲೆಯಲ್ಲಿ ಒಣ ಹವೆ ಮುಂದುವರಿಯಲಿದೆ.’ ನಾಲ್ಕು ತಿಂಗಳ ಮೇಲೆ ನಾನು ಓದಿದ ಮೊದಲ ಸಾಲು ಅದು. ಒಣ ಹವೆಯ ಸುದ್ದಿ ಓದಿ ನನ್ನ ಕಣ್ಣೆಲ್ಲ ಒದ್ದೆಯಾಯಿತು.

ಆದರೆ ಆ ಯಂತ್ರ ಹೊಲಿಗೆ ಮೆಷಿನ್ನಿಗಿಂತ ದೊಡ್ಡದು, ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ್ದು. ನನಗೆ ಬೇಕಿದ್ದುದು ಶಾಲೆಯಲ್ಲಿ ತರಗತಿಯಿಂದ ತರಗತಿಗೆ ಕಂಕುಳಲ್ಲಿಟ್ಟುಕೊಂಡು ಹೋಗುವಂಥದ್ದು. ನಿನ್ನ ಅಬ್ಬಾನ ಮುಂದೆ ಹೇಳಿದೆ. “ಅರೇ ನೂರ್, ಮೊಬೈಲಾಗೇ ಕ್ಯಾಮೆರಾ ಐತಲ್ಲ, ಅದ್ರಲ್ಲೇ ದೊಡ್ಡದು ಮಾಡ್ಕೊಂಡು ನೋಡು” ಎಂದರು. ಹತ್ತು ದಿನ ಹಾಗೆಯೇ ನೋಡಿದೆ. ಕೈ ನಡುಗಿದರೆ ಅಕ್ಷರವೂ ನಡುಗುತ್ತದೆ. ಅರ್ಧ ಸಾಲಿನಲ್ಲಿರುವಾಗ ಯಾರದೋ ಕರೆ ಬರುತ್ತದೆ. ಒಂದು ಕೈ ಫೋನಿಗೆ ಹೋದರೆ ಪುಸ್ತಕ ಹಿಡಿಯುವುದು ಯಾವ ಕೈಯಲ್ಲಿ, ಕೆಂಪು ಪೆನ್ನು ಹಿಡಿಯುವುದು ಯಾವ ಕೈಯಲ್ಲಿ? ಅದೂ ಅಲ್ಲದೆ, ಪಾಠದ ಹೊತ್ತಿನಲ್ಲಿ ಮೇಷ್ಟ್ರುಗಳು ಫೋನು ಮುಟ್ಟಬಾರದೆಂದು ನಮ್ಮ ಶಾಲೆಯಲ್ಲಿ ನಿಯಮವೇ ಇದೆ.

ಏಪ್ರಿಲ್ ರಜೆಯಲ್ಲಿ ಅಬ್ಬಾನ ಗೂಡ್ಸ್ ಆಟೋದಲ್ಲಿ ಕೂತು ಶ್ರೀರಂಗಪಟ್ಟಣಕ್ಕೆ ಹೋದೆ. ನಮ್ಮ ಹಳೆಯ ಟೀವಿಯನ್ನು ಮೂರು ಸಲ ಬದುಕಿಸಿಕೊಟ್ಟ ಮರಿಸ್ವಾಮಿ ನಿನಗೆ ನೆನಪಿರಬೇಕು. ಅವರ ಅಂಗಡಿಯ ತುಂಬ ಸತ್ತ ಟೀವಿಗಳು. ಎಲ್ಲ ಕೇಳಿಸಿಕೊಂಡು ಗಹಗಹಿಸಿ ನಕ್ಕರು.

“ಅಲ್ಲ ಕಣ್ರೀ ಮೇಡಮ್ಮೋರೇ, ಟೀವಿ ರಿಪೇರಿಗೇ ಜನ ಬತ್ತಾ ಇಲ್ಲ. ನೀವು ಕ್ಯಾಮೆರಾನೂ ಟೀವಿನೂ ಸೇರ್ಸಿ ಒಸಾದು ಕಟ್ಕೊಡು ಅಂತೀರಲ್ಲ!”

“ಆಗುತ್ತದೋ ಇಲ್ಲವೋ ಅಷ್ಟು ಹೇಳಿ” ಎಂದೆ.

“ಆಗಕಿಲ್ಲ ಅಂತ ಯಾವತ್ತಾದ್ರೂ ಏಳಿದ್ದೀನಾ? ಒಂದ್ವಾರ ಟೇಮ್ ಕೊಡಿ.”

ಒಂದು ವಾರ ಹೋಗಿ ನಾಲ್ಕು ವಾರವಾಯಿತು. ಲಾರಿಯ ಹಿಂಭಾಗಕ್ಕೆ ಹಾಕುವ ಗೋಲಿಯಷ್ಟು ಚಿಕ್ಕ ಕ್ಯಾಮೆರಾ, ಕಾರಿನೊಳಗೆ ಇಡುವ ಅಂಗೈಯಗಲದ ಟೀವಿ, ಒಂದು ಬ್ಯಾಟರಿ. ಇವನ್ನೆಲ್ಲ ಪ್ಲೈವುಡ್ ಪೆಟ್ಟಿಗೆಯೊಂದಕ್ಕೆ ಕೂರಿಸಿದರು. ಪೆಟ್ಟಿಗೆಗೆ ನಾಲ್ಕು ಗಿಡ್ಡ ಕಾಲು, ಕಾಲುಗಳ ನಡುವೆ ಪುಸ್ತಕ ಜಾರುವಷ್ಟು ಜಾಗ. ಮೊದಲ ದಿನ ಬರೀ ಮಂಜು ಕಂಡಿತು. ಆ ಕ್ಯಾಮೆರಾ ದೂರದ್ದನ್ನು ನೋಡಲು ಮಾಡಿದ್ದಂತೆ. ಮರಿಸ್ವಾಮಿ ಇಕ್ಕಳದಲ್ಲಿ ಅದರ ಗಾಜನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಂದರು. ಮಂಜು ಕರಗಿ ಅಕ್ಷರ ಬಂತು. ಬಂದ ಅಕ್ಷರಗಳೆಲ್ಲ ಎಡಬಲ ತಿರುಗಿ ನಿಂತಿದ್ದವು. ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳ ಮುಂದೆ ಕನ್ನಡಿಯೊಳಗಿನ ಕನ್ನಡ!

“ಇದು ಇಂದಕ್ಕೋಗೋ ಕ್ಯಾಮೆರಾ ಕಣ್ರವ್ವಾ. ಡ್ರೈವರ್‌ಗೆ ಅನುಕೂಲಾಗ್ಲಿ ಅಂತ ಎಡಬಲ ಅದ್ಲುಬದ್ಲು ಮಾಡವ್ರೆ” ಎಂದು ಮರಿಸ್ವಾಮಿ ತಲೆ ಕೆರೆದುಕೊಂಡರು. ಆಮೇಲೆ ಅದರ ಬಾಲದಲ್ಲಿದ್ದ ಒಂದು ಸಣ್ಣ ವೈರನ್ನು ಹುಡುಕಿ ಕತ್ತರಿಸಿದರು. ಅಕ್ಷರಗಳು ತಟ್ಟನೆ ನೆಟ್ಟಗೆ ನಿಂತವು. ನಾನು ಆ ಅಂಗಡಿಯಲ್ಲಿ ಕೂತು ಬಲ್ಬಿನ ಡಬ್ಬದ ಮೇಲಿನ ಬರಹ, ಕ್ಯಾಲೆಂಡರಿನ ತಿಥಿ ನಕ್ಷತ್ರ, ಮರಿಸ್ವಾಮಿಯ ರೇಷನ್ ಕಾರ್ಡು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಬ್ಬಾ ಎರಡು ಸಲ ಹಾರನ್ ಹೊಡೆದರೂ ಏಳಲಿಲ್ಲ.

ಜೂನಿನಲ್ಲಿ ಪೆಟ್ಟಿಗೆಯೊಡನೆ ಶಾಲೆಗೆ ಹೋದೆ. ಮಕ್ಕಳು ಒಂದು ದಿನ ಮುತ್ತಿಕೊಂಡು ನೋಡಿದರು, ಎರಡನೆಯ ದಿನ ಮರೆತರು. ನನ್ನ ಮೇಜಿನ ಮೇಲಿನ ಡಸ್ಟರಿನ ಹಾಗೆ ಅದೂ ಒಂದಾಯಿತು. ಪೆಟ್ಟಿಗೆಯ ಕೆಳಗೆ ಪಠ್ಯ ಇಟ್ಟು ಗಟ್ಟಿಯಾಗಿ ಓದಿ ಪಾಠ ಮಾಡಿದೆ. ಅವರ ಕಿರುಪರೀಕ್ಷೆಯ ನಲವತ್ತೊಂದು ಉತ್ತರಪತ್ರಿಕೆಗಳನ್ನು ನಾನೇ ತಿದ್ದಿದೆ. ಮೊದಲು ಒಂದು ಗಂಟೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಹಿಡಿಯಲಿ.

ತಕರಾರು ತೆಗೆದವರು ದೊಡ್ಡವರು. ಹೆಡ್‌ಮಾಸ್ಟರ್ ಶ್ರೀಕಂಠಯ್ಯನವರು ಕರೆಸಿ, “ನೋಡಿ ಫಾತಿಮಾ ಮೇಡಂ, ನನಗೆ ನಿಮ್ಮ ಮೇಲೆ ಗೌರವವಿದೆ. ಆದರೆ ತರಗತಿಗೆ ಟೀವಿ ತರುತ್ತೀರಿ ಅಂತ ಒಬ್ಬರು ದೂರುತ್ತಾರೆ, ಹೆಣ್ಣುಮಕ್ಕಳಿರುವ ಕಡೆ ಕ್ಯಾಮೆರಾ ಇಟ್ಟಿದ್ದೀರಿ ಅಂತ ಇನ್ನೊಬ್ಬರು. ನಾನು ಯಾರಿಗೆ ಉತ್ತರ ಕೊಡಲಿ?” ಎಂದರು.

“ಸರ್, ಈ ಟೀವಿಯಲ್ಲಿ ಧಾರಾವಾಹಿ ಬರುವುದಿಲ್ಲ. ಈ ಕ್ಯಾಮೆರಾ ಕೆಳಮುಖವಾಗಿ ಪುಸ್ತಕ ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ನೋಡಿದ್ದನ್ನು ಇಟ್ಟುಕೊಳ್ಳುವುದೂ ಇಲ್ಲ. ನಿಮ್ಮ ಕನ್ನಡಕ ಎಷ್ಟು ಅಪಾಯವೋ ಇದೂ ಅಷ್ಟೇ” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಡಳಿತ ಮಂಡಳಿಯ ಮುಂದೆ ಬಂದು ಹೇಳಿಬಿಡಿ, ತೀರ್ಮಾನ ಅವರದು ಎಂದರು.

ಸಭೆ ನಡೆದದ್ದು ಜೂನ್ ಇಪ್ಪತ್ತೊಂಬತ್ತರ ಶನಿವಾರ. ಅಬ್ಬಾ ಹೊರಗೆ ಆಟೋದಲ್ಲೇ ಕೂತಿದ್ದರು. ಒಳಗೆ ಆರು ಜನ. ಕಾರ್ಯದರ್ಶಿ ನಾಗರಾಜು ನನ್ನ ಪೆಟ್ಟಿಗೆಯ ಕಡೆ ನೋಡಿ ನಕ್ಕದ್ದು ನನಗೆ ಕಾಣಲಿಲ್ಲ, ಕೇಳಿಸಿತು.

“ಮೇಡಂ, ನಾವೇನ್ ನಿಮ್ಮುನ್ನ ಓಡಿಸ್ತಾ ಇಲ್ಲ. ಏಪ್ರಿಲ್‌ನಾಗೆ ನೀವೇ ರಾಜೀನಾಮೆ ಥರ ಬರ್ದು ಟಪಾಲಾಗೆ ಕಳ್ಸಿದೀರಲ್ಲ, ಕಣ್ಣು ಕಾಣಕಿಲ್ಲ, ನಿವೃತ್ತಿ ಕೊಡಿ ಅಂತ. ಈಗ ಈ ಡಬ್ಬ ತಂದು ನಾಟ್ಕ ಯಾಕೆ?” ಎಂದು ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿದರು.

ಅಂಥ ಅರ್ಜಿಯನ್ನು ನಾನು ಬರೆದೇ ಇರಲಿಲ್ಲ. ಹಾಳೆಯ ಮೇಲೆ ಪೆಟ್ಟಿಗೆ ಇಟ್ಟೆ, ಗುಂಡಿ ಒತ್ತಿದೆ, ಅಧ್ಯಕ್ಷರಿಗೂ ಕಾಣುವಂತೆ ಸ್ವಲ್ಪ ತಿರುಗಿಸಿಕೊಂಡೆ. ಎಲ್ಲರಿಗೂ ಕೇಳುವಂತೆ ಓದಿದೆ: ‘ದೃಷ್ಟಿದೋಷದಿಂದ ಪಾಠ ಮಾಡಲು ಅಶಕ್ತಳಾಗಿರುವ ಕಾರಣ ಸ್ವಇಚ್ಛೆಯಿಂದ ನಿವೃತ್ತಿ ಬಯಸುತ್ತೇನೆ.’ ಕೆಳಗೆ ನನ್ನ ಸಹಿ, ಇಳಿಜಾರಿನಲ್ಲಿ ಜಾರಿದಂತೆ. ಎರಡು ಕಾಗುಣಿತದ ತಪ್ಪುಗಳಿದ್ದವು. ‘ಅಶಕ್ತ’ ಎನ್ನುವುದನ್ನು ‘ಅಷಕ್ತ’ ಎಂದು ಬರೆದಿತ್ತು, ‘ನಿವೃತ್ತಿ’ಯನ್ನು ‘ನಿರ್ವುತ್ತಿ’ ಎಂದು. ಚೀಲದಿಂದ ಕೆಂಪು ಪೆನ್ನು ತೆಗೆದು ಎರಡನ್ನೂ ತಿದ್ದಿದೆ. ಪೆನ್ನಿನ ತುದಿ ಪರದೆಯ ಮೇಲೆ ಓಡಾಡಿದ್ದನ್ನು ಆರೂ ಜನ ನೋಡಿದರು.

“ಸಹಿ ನನ್ನದೇ. ಮಾತು ನನ್ನದಲ್ಲ” ಎಂದೆ.

“ಅಂಗಾದ್ರೆ ಇದನ್ನ ಬರ್ದೋರು ಯಾರು?” ನಾಗರಾಜು ಕೇಳಿದರು.

“ಅದು ಈ ಸಭೆಗೆ ಬೇಕಾದ ವಿಷಯವಲ್ಲ. ನಾನು ಪಾಠ ಮಾಡಬಲ್ಲೆನೋ ಇಲ್ಲವೋ ಅನ್ನುವುದಷ್ಟೇ ನಿಮ್ಮ ವಿಷಯ. ಯಾವ ಪುಸ್ತಕ ಬೇಕಾದರೂ ಕೊಡಿ, ಯಾವ ಪುಟ ಬೇಕಾದರೂ ತೆರೆಯಿರಿ.”

ಯಾರೂ ಪುಸ್ತಕ ಕೊಡಲಿಲ್ಲ. ಎಂಬತ್ತು ದಾಟಿದ ಅಧ್ಯಕ್ಷರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, “ಏನವ್ವಾ, ಇದ್ರಲ್ಲಿ ಬರ್ದಿರಾದು ಕಂಡದಾ? ನಂಗಂತೂ ಇರುವೆ ಸಾಲ್ ಕಂಡಂಗೆ ಕಾಣ್ತದೆ” ಎಂದರು. ಪೆಟ್ಟಿಗೆಯ ಕೆಳಗಿಟ್ಟೆ. ಅದರ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಓದಿ ಹೇಳಿದೆ. ಎಲ್ಲರೂ ನಕ್ಕರು, ಅಧ್ಯಕ್ಷರು ಮಾತ್ರ ನಗಲಿಲ್ಲ. “ಬೆಳಿಗ್ಗೆ ಸಂಜೆ ಇದ್ನೇ ನುಂಗ್ತಾ ಇವ್ನಿ ಕಣ್ರೋ” ಎಂದು ಪಟ್ಟಿಯನ್ನು ಕಿಟಕಿಯಿಂದಾಚೆ ಎಸೆದರು. ಆಮೇಲೆ ನಾಗರಾಜು ಕಡೆ ತಿರುಗಿ, “ಆಯಮ್ಮ ನಮ್ಗಿಂತ ಚೆನ್ನಾಗಿ ಓದ್ತಾವ್ರಲ್ಲೋ. ಇನ್ನೇನ್ಲಾ ನೋಡಾದು?” ಎಂದರು.

ಅಲ್ಲೇ ಕೂತು, ಪೆಟ್ಟಿಗೆಯ ಕೆಳಗೆ ಬಿಳಿಹಾಳೆ ಇಟ್ಟು, ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಬರೆದು ಸಹಿ ಹಾಕಿದೆ. ಈ ಸಲ ಸಹಿ ಜಾರಲಿಲ್ಲ. “ಈ ವರ್ಷದ ಎಸೆಸೆಲ್ಸಿ ರಿಸಲ್ಟ್ ನೋಡ್ತೀವಿ ಮೇಡಂ” ಎಂದು ನಾಗರಾಜು ಬಾಗಿಲವರೆಗೂ ಬಂದು ಹೇಳಿದರು. “ನೋಡಿ. ನಾನೂ ನೋಡುತ್ತೇನೆ” ಎಂದು ಬಂದೆ.

ನೀನು ಹೆದರುವುದು ನನಗೆ ಗೊತ್ತಿದೆ, ಆತಿಯಾ. ಜನವರಿಯಲ್ಲಿ ಕ್ಯಾತನಹಳ್ಳಿ ತಿರುವಿನಲ್ಲಿ ಕಬ್ಬಿನ ಟ್ರಾಕ್ಟರು ನನ್ನ ಸೆರಗು ಸವರಿಕೊಂಡು ಹೋದದ್ದನ್ನು ಕೇಳಿದ ಮೇಲೆ ನೀನು ಸರಿಯಾಗಿ ಊಟ ಮಾಡಲಿಲ್ಲವೆಂದು ಅಳಿಯಂದಿರು ಹೇಳಿದರು. ಈಗ ನಾನು ರಸ್ತೆ ದಾಟುವುದು ಅಬ್ಬಾನ ಜೊತೆ ಮಾತ್ರ. ಅಷ್ಟು ಸೋಲನ್ನು ಒಪ್ಪಿಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಿನದನ್ನು ಒಪ್ಪುವುದಿಲ್ಲ. ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ಆ ಆರು ವರ್ಷಗಳಲ್ಲಿ ಬರುವ ಮಕ್ಕಳು ನನಗೆ ಸೇರಿದವರು. ಕಣ್ಣು ಹೋಯಿತು ಎಂದು ಯಾರಾದರೂ ದನಿ ಇಳಿಸಿ ಮಾತಾಡಿದರೆ ಈಗೀಗ ನನಗೆ ಸಿಟ್ಟು ಬರುತ್ತದೆ. ಹೋದದ್ದು ನಡುವಿನ ಒಂದು ಚೂರು. ಮಿಕ್ಕದ್ದನ್ನು ಇಟ್ಟುಕೊಂಡು ನಾನು ಏನೇನು ಮಾಡುತ್ತೇನೆಂದು ನೋಡುತ್ತಿರಿ.

ಮರಿಸ್ವಾಮಿ ಈಗ ಅಧ್ಯಕ್ಷರಿಗಾಗಿ ಎರಡನೆಯ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಅದಕ್ಕೆ ಇನ್ನೂ ದೊಡ್ಡ ಟೀವಿ ಬೇಕಂತೆ. ಅಬ್ಬಾ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ನಿನ್ನೆ ನನ್ನ ಪೆಟ್ಟಿಗೆಯ ಕೆಳಗೆ ತಮ್ಮ ಕೈ ಇಟ್ಟು ಉಗುರು ನೋಡಿಕೊಂಡು, “ಇಷ್ಟು ಕೊಳೆ ಇತ್ತಾ ನೂರ್, ಮೂವತ್ತು ವರ್ಷದಿಂದ ನೀನು ಹೇಳಲೇ ಇಲ್ಲ!” ಎಂದು ನನ್ನನ್ನೇ ಬೈದರು.

ಪುಟ್ಟಿಗೆ ಹಾಲು ಕುಡಿಸುವಾಗ ನನ್ನ ಹೆಸರು ಹೇಳಿ ಒಂದು ಗುಟುಕು ಹೆಚ್ಚು ಕುಡಿಸು. ಅಳಿಯಂದಿರಿಗೆ ಸಲಾಂ. ಅಲ್ಲಾಹ್ ನಿಮ್ಮ ಮೂವರನ್ನೂ ಆರೋಗ್ಯವಾಗಿಟ್ಟಿರಲಿ, ನಿನ್ನ ಮನೆಯ ದೀಪ ಸದಾ ಬೆಳಗುತ್ತಿರಲಿ.

ನಿನ್ನ ಅಮ್ಮಿ,
ನೂರ್ ಫಾತಿಮಾ

ತಾ.ಕ.: ಆ ಅರ್ಜಿಯ ಮೇಲೆ ಪೆಟ್ಟಿಗೆ ಇಟ್ಟಾಗ ಓದುವುದಕ್ಕೆ ಮೊದಲೇ ನಾನು ಕೈಬರಹವನ್ನು ಗುರುತಿಸಿದೆ. ಒಂದೊಂದು ಅಕ್ಷರವೂ ಹೆಬ್ಬೆರಳ ಗಾತ್ರ ಕಾಣುತ್ತಿತ್ತು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ರಂಜಾನಿನ ಕೊನೆಯ ವಾರ ನೀನು ಬಂದು, “ಅಮ್ಮೀ, ಇನ್ಶೂರೆನ್ಸ್ ಕಾಗದ, ಇಲ್ಲೊಂದು ಸೈನ್ ಹಾಕು” ಎಂದು ನನ್ನ ಬೆರಳು ಹಿಡಿದು ಜಾಗ ತೋರಿಸಿದ್ದೆ. ಓದಿ ಹೇಳು ಎಂದು ನಾನು ಕೇಳಲಿಲ್ಲ. ಬ್ಯಾಂಕಿನವರು ಕೊಟ್ಟದ್ದನ್ನೂ, ಅಬ್ಬಾ ಕೊಟ್ಟದ್ದನ್ನೂ ಇನ್ನೊಬ್ಬರಿಂದ ಓದಿಸಿ ಕೇಳಿಯೇ ನಾನು ಸಹಿ ಹಾಕುತ್ತಿದ್ದೆ. ಓದಿಸದೆ ಹಾಕಿದ್ದು ನೀನು ತಂದದ್ದಕ್ಕೆ ಮಾತ್ರ. ನನ್ನ ಮೇಲಿನ ಅಕ್ಕರೆಯಿಂದಲೇ ನೀನು ಹಾಗೆ ಮಾಡಿದೆ, ನಂಬುತ್ತೇನೆ. ಆದರೂ ಡಾಕ್ಟರು ಹೇಳಿದ ದಿನ ಇಷ್ಟು ನೋವಾಗಿರಲಿಲ್ಲ. ಅಬ್ಬಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಮುಂದಿನ ಭಾನುವಾರ ಬಾ. ಅಳಬೇಡ, ಕಾರಣಗಳನ್ನು ಹೇಳಬೇಡ. ನನ್ನೆದುರು ಕೂತು, ‘ನಾನೇ ಬರೆದೆ ಅಮ್ಮೀ’ ಎಂದು ಒಂದು ಸಲ ನಿನ್ನ ಬಾಯಿಂದ ಹೇಳು. ಅಲ್ಲಿಯವರೆಗೆ ನಾನು ಫೋನು ಎತ್ತುವುದಿಲ್ಲ.