ಅವ್ವನ ಕೈಯ ವಿಭೂತಿ

ಜಯನಗರ, ಬೆಂಗಳೂರು
ಆಗಸ್ಟ್ ೧೯೮೬

ಬರಿ ಹಣೆಯಲ್ಲಿ ಕುಳಿತಿರುವ ನನ್ನ ಅವ್ವನಿಗೆ,

ನಿನ್ನ ತಪ್ಪಲ್ಲ! ಕ್ಷೇಮ ಸಮಾಚಾರಕ್ಕೂ ಮೊದಲು ಇದನ್ನೇ ಬರೆಯುತ್ತಿದ್ದೇನೆ. ನನ್ನ ರಕ್ತಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರ್ ಶಾಂತಾದೇವಿಯವರನ್ನು ಕಂಡು ಈಗಷ್ಟೇ ಬಂದೆ. ಸೀರೆಯನ್ನೂ ಬದಲಿಸದೆ ಪೆನ್ನು ಹಿಡಿದಿದ್ದೇನೆ. ಖುಷಿಗೆ ಅಕ್ಷರ ಓಡುತ್ತಿದೆ, ಸಾವರಿಸಿಕೊಂಡು ಓದು.

ಕಳೆದ ವರ್ಷ ತಲೆ ಬಾಚಲೂ ನನ್ನ ಕೈ ಮೇಲೇಳದಾದಾಗ ನೀನು ಬಂದೆ. ದಿನಾ ಬೆಳಿಗ್ಗೆ ನನ್ನೆದುರು ಕೂತು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ನೀನೇ ಹಚ್ಚತೊಡಗಿದೆ. ಹಣೆಗೆ, ಮುಚ್ಚಿದ ರೆಪ್ಪೆಗಳಿಗೆ, ಕುತ್ತಿಗೆಗೆ, ಎದೆಗೆ, ಬೆರಳ ಗಿಣ್ಣುಗಳಿಗೆ. ನಲವತ್ತು ದಾಟಿದವಳು ನಾನು, ಕಾನ್ವೆಂಟಿನಲ್ಲಿ ಓದಿದವಳು, ಎಲ್ಲಕ್ಕೂ ಕಾರಣ ಕೇಳುವವಳು. ಆ ಹೊತ್ತಿನಲ್ಲಿ ಮಾತ್ರ ಏನೂ ಕೇಳಬೇಕೆನಿಸುತ್ತಿರಲಿಲ್ಲ.

ಆಮೇಲೆ ಬಣ್ಣ ಕಾಣಿಸಿತು. ರೆಪ್ಪೆಗಳು ಬದನೆಕಾಯಿಯಂತೆ ನೇರಳೆಯಾದವು. ಗಿಣ್ಣುಗಳ ಮೇಲೆ ಕೆಂಪು ಗಂಟು, ಎದೆಯಲ್ಲಿ ಉರಿ. ನೀನು ಹಚ್ಚಿದಲ್ಲೆಲ್ಲ.

ಬನಶಂಕರಿಯ ಪರಮಶಿವಯ್ಯನವರ ಅಂಗಡಿಗೆ ನನ್ನನ್ನು ಆಟೋದಲ್ಲಿ ಎಳೆದುಕೊಂಡು ಹೋಗಿ ಜಗಳ ತೆಗೆದೆ. “ಏನಯ್ಯಾ, ವಿಭೂತಿ ಅಂತ ಸುಣ್ಣ ಮಾರ್ತೀಯಾ? ನನ್ ಮಗಳ ಕಣ್ಣು ನೋಡು!”

“ಅಮ್ಮಾವ್ರೇ, ನಾನೂ ಇದನ್ನೇ ಹಚ್ಕೋತಿದೀನಿ. ನನ್ ಮುಖ ನೋಡಿ. ಚೆನ್ನಾಗಿಲ್ಲ, ಒಪ್ಕೋತೀನಿ. ಅದು ಹುಟ್ಟಿದಾಗ್ಲಿಂದ!”

ನಾನು ನಕ್ಕುಬಿಟ್ಟೆ. ನೀನು ನಗಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಮೆಲ್ಲಗೆ ಅಂದೆ: “ಹಂಗಾದ್ರೆ ವಿಭೂತೀದಲ್ಲ ಕಣೇ. ನನ್ ಕೈಯೇ ಸರಿಯಿಲ್ಲ.”

ಮರುದಿನವೇ ನೀನು ತುಮಕೂರಿಗೆ, ಅಣ್ಣನ ಮನೆಗೆ ಹೊರಟುಹೋದೆ. ಅಲ್ಲಿ ನೀನೂ ವಿಭೂತಿ ಬಿಟ್ಟಿದ್ದೀಯಂತೆ, ಮೊಮ್ಮಕ್ಕಳನ್ನು ಮುಟ್ಟಲೂ ಹಿಂಜರಿಯುತ್ತೀಯಂತೆ. ಅತ್ತಿಗೆ ಹೇಳಿದಾಗಿನಿಂದ ನನಗೆ ಕಾಯಿಲೆಯ ಚಿಂತೆ ಎರಡನೆಯದಾಯಿತು.

ಈಗ ಕೇಳು. ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಎಲ್ಲರ ರಕ್ತದಲ್ಲೂ ಇರುತ್ತವೆ. ನನ್ನವು ದಾರಿ ತಪ್ಪಿ, ನನ್ನ ಮೈಯನ್ನೇ ಪರರದೆಂದು ತಿಳಿದಿವೆ. ಸ್ನಾಯು ಸೋತದ್ದು, ಚರ್ಮ ನೇರಳೆಯಾದದ್ದು, ಎರಡೂ ಒಂದೇ ಕಾಯಿಲೆ. ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಿದ್ದ ರಕ್ತದಲ್ಲಿ ಅಂಥದೊಂದು ಪ್ರತಿಕಾಯ ಸಿಕ್ಕಿದೆ. ಶ್ವಾಸಕೋಶವನ್ನು ಕಾಡುವ ಬಗೆಯದಲ್ಲವಂತೆ. ಚರ್ಮದ ಮೇಲೆ ಎದ್ದು ಕಾಣುವ, ಸಾಮಾನ್ಯವಾಗಿ ಔಷಧಿಗೆ ಬಗ್ಗುವ ಬಗೆ.

ನಾನು ಹಿಂಜರಿಯುತ್ತಲೇ ವಿಭೂತಿಯ ಮಾತೆತ್ತಿದೆ. ಡಾಕ್ಟರ್ ಜೋರಾಗಿ ನಕ್ಕರು. “ರೆಪ್ಪೆ, ಗಿಣ್ಣು, ಎದೆ, ಈ ಕಾಯಿಲೆ ಕಾಣಿಸ್ಕೊಳ್ಳೋದೇ ಅಲ್ಲಿ ಕಣ್ರೀ. ವಿಭೂತಿ ಅಂದ್ರೇನು ಅಂತ ಗೊತ್ತಿಲ್ದೇ ಇರೋ ದೇಶದವ್ರಿಗೂ!”

ಅವ್ವ, ಆ ಮಾತಿಗೆ ನಾನು ಕುರ್ಚಿಯಿಂದ ಎದ್ದೇ ನಿಂತೆ, ಏನನ್ನೂ ಹಿಡಿದುಕೊಳ್ಳದೆ. ತನ್ನ ರಕ್ತವೇ ತನಗೆ ತಿರುಗಿಬಿದ್ದಿದೆ ಎಂದು ಕೇಳಿ ಯಾರಾದರೂ ಹಿಗ್ಗುತ್ತಾರೆಯೇ? ಬಸ್ಸಿನಲ್ಲಿ ಇದನ್ನೇ ಕೇಳಿಕೊಳ್ಳುತ್ತ ಬಂದೆ. ನಾಚಿಕೆಯಾಯಿತು, ಹಿಗ್ಗು ಮಾತ್ರ ಕಡಿಮೆಯಾಗಲಿಲ್ಲ.

ಪೂರ್ತಿ ವಾಸಿಯಾಗುತ್ತದೆಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಮಾತ್ರೆ ಬಹಳ ಕಾಲ ನುಂಗಬೇಕು, ಬಿಸಿಲು ತಾಗಬಾರದು. ಈಗಾಗಲೇ ನುಂಗುತ್ತಿರುವ ಮಾತ್ರೆಗೆ ಮುಖ ಪೂರಿಯಂತೆ ಉಬ್ಬಿದೆ, ನೋಡಿದಾಗ ಗಾಬರಿಯಾಗಬೇಡ. ಆದರೆ ಯಾರೂ ಇದನ್ನು ನನಗೆ ಹಚ್ಚಲಿಲ್ಲ, ಯಾರ ಕೈಯಿಂದಲೂ ಇದು ಬರಲಿಲ್ಲ. ಕಾಗದ ಮಡಿಸಿಟ್ಟು ಈಗಲೇ ಏಳು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರ ಹಣೆಗೂ ಹಚ್ಚು, ನಿನ್ನ ಹಣೆಗೂ.

ಮಗಳು ಹರಸಬಾರದೆಂದು ಎಲ್ಲೂ ಇಲ್ಲವಲ್ಲ: ನಿನ್ನ ಕೈ ನೂರು ಕಾಲ ತಣ್ಣಗಿರಲಿ.

ನಿನ್ನ,
ಜಯದೇವಿ