ಒಂದೂವರೆ ಟಗರಿನ ಸೂಜಿ

ಆಸ್ಪತ್ರೆ, ಟೋರ್ಸ್‌ಹಾವ್ನ್
ನವೆಂಬರ್ ೧೪

ಪ್ರೀತಿಯ ಸೊಸೆ ಸುನ್ನಿವಾಳಿಗೆ,

ಸೋದರಮಾವನ ಆಶೀರ್ವಾದಗಳು. ಎಡಗೈಯಲ್ಲಿ ಬರೆದದ್ದೆಂದು ಮುಖ ಸಿಂಡರಿಸಬೇಡ. ನಮ್ಮ ಫಾರೋ ದ್ವೀಪಗಳು ಹದಿನೆಂಟು. ಹದಿನೆಂಟರಲ್ಲೂ ನನ್ನನ್ನು ಒಂದು ಮಾತು ಕೇಳದೆ ಯಾವ ಡಾಕ್ಟರೂ ಔಷಧಿ ಬರೆಯುವುದಿಲ್ಲ. ಅಂಥ ನಾನೇ ಮೂರು ವಾರದಿಂದ ಇಲ್ಲಿ ಮಲಗಿದ್ದೇನೆ ಎಂದರೆ ನೀನು ನಗುತ್ತೀಯ. ನಗು. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದ ತಪ್ಪಿಗೆ ಅದೇ ದಂಡ.

ಅಕ್ಟೋಬರಿನ ಕುರಿ ಕಡಿಯುವ ಕೆಲಸದಲ್ಲಿ ಆದದ್ದು ಇದು. ಮೂವತ್ತೊಂದು ವರ್ಷದಿಂದ ಊರಿನ ಕತ್ತಿ ನನ್ನ ಕೈಯಲ್ಲೇ ಇದೆಯಲ್ಲ. ಈ ಸಲ ಒಂದು ಟಗರಿನ ಮೂಳೆಯ ಚೂರು ಬಲ ಮಣಿಕಟ್ಟಿಗೆ ಚುಚ್ಚಿತು. ಬಂದದ್ದು ಎರಡೇ ಹನಿ ರಕ್ತ. ಮೂರನೆಯ ದಿನಕ್ಕೆ ಮಣಿಕಟ್ಟು ಉಬ್ಬಿ ಕೆಂಪಾಗಿ, ಬೆರಳು ಅಲುಗಿಸಿದರೂ ಜೀವ ಹೋಗುವ ನೋವು. ಪಕ್ಕದ ಮನೆಯ ಹಾನುಸ್ ಬೇಲಿಯಾಚೆಯಿಂದ ಕೂಗಿದ:

"ಏನೋ ಡಾನ್ಯಲ್, ಕೈಯನ್ನ ಕೂಸಿನ ಹಾಗೆ ಎತ್ಕೊಂಡಿದೀಯ? ಹಾಲು ತಂದ್ಕೊಡ್ಲಾ?"

"ಮೊದಲು ನಿನ್ನ ಕುರಿಗೆ ಕುಡಿಸು, ಹೋಗೋ!" ಎಂದೆ.

ಅವನು ಸಮುದ್ರದ ಕಡೆ ಹೋದ ಮೇಲೆ ಅವನ ಕೊಟ್ಟಿಗೆಗೆ ನುಗ್ಗಿ, ಟಗರಿಗೆಂದು ಇಟ್ಟಿದ್ದ ಪೆನಿಸಿಲಿನ್ ಬಾಟಲಿಯಿಂದ ಸೂಜಿಗೆ ತುಂಬಿ ನನ್ನ ತೊಡೆಗೇ ಚುಚ್ಚಿಕೊಂಡೆ. ನಾನು ಶಾಲೆಯಲ್ಲಿ ಕಲಿತ ಲೆಕ್ಕ ಸುಮ್ಮನೆ ಹೋಗಲಿಲ್ಲ: ಟಗರಿಗೆ ಒಂದು ಪಾಲಾದರೆ, ನನ್ನಂಥ ಟಗರಿಗೆ ಒಂದೂವರೆ. ಬೆಳಗ್ಗೆ ಜ್ವರ ಇಳಿದಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಊತ ಮಾತ್ರ ಇಳಿಯಲಿಲ್ಲ. ಊರಿನ ಡಾಕ್ಟರು ನೋಡಿ, "ಗಾಯ ಆಗಿತ್ತಾ? ಏನಾದ್ರೂ ಔಷಧಿ ತಗೊಂಡ್ರಾ?" ಎಂದರು. ಎರಡಕ್ಕೂ ಇಲ್ಲ ಎಂದೆ. ಜ್ವರವಿಲ್ಲ, ಗಾಯವಿಲ್ಲ, ತಿನ್ನುವುದು ಒಣಮಾಂಸ, ಜೊತೆಗೆ ಕುಡಿತ ಬೇರೆ. ಪಾಪ, ಕೀಲಿನಲ್ಲಿ ಹರಳು ಕಟ್ಟುವ ವಾತವೆಂದು ಮಾತ್ರೆ ಕೊಟ್ಟರು. ಮಾತ್ರೆ ತಿಂದ ನಾಲ್ಕನೆಯ ದಿನ ನಡುಕ ಹತ್ತಿತು. ಹಾನುಸನೇ ಕಾರಿಗೆ ಹಾಕಿಕೊಂಡು ಇಲ್ಲಿಗೆ ತಂದ.

ಇಲ್ಲಿ ಎಬ್ಬಾ ಎಂಬ ಡಾಕ್ಟರಮ್ಮ ಕೀಲಿಗೇ ಸೂಜಿ ಇಳಿಸಿದಳು. ಒಳಗಿನಿಂದ ಬಂದದ್ದು ಮಜ್ಜಿಗೆಯಂಥ ನೀರು. ಅಂದೇ ಕೊಯ್ದು ತೊಳೆದರು. ಆ ನೀರಿನಲ್ಲಿ ಯಾವ ಕ್ರಿಮಿ ಬೆಳೆಯುತ್ತದೆಂದು ಐದು ದಿನ ಕಾದರೂ ಏನೂ ಬೆಳೆಯಲಿಲ್ಲ.

"ವಾತದ ಹರಳೂ ಇಲ್ಲ, ಕ್ರಿಮಿಯೂ ಸಿಗ್ತಿಲ್ಲ. ಮೊದಲೇ ಔಷಧಿ ತಗೊಂಡಿದ್ರೆ ಹೀಗಾಗುತ್ತೆ. ತಗೊಂಡಿದ್ರಾ ಡಾನ್ಯಲ್?"

ಮಂಚದ ಬುಡದಲ್ಲಿ ಹಾನುಸ್ ನಿಂತಿದ್ದ, ನನಗೆಂದು ತಂದ ಒಣಮಾಂಸದ ಪೊಟ್ಟಣ ಹಿಡಿದುಕೊಂಡು. ನಮ್ಮೂರ ರೀತಿ ನಿನಗೆ ಗೊತ್ತಲ್ಲ: ಬಾಗಿಲಿಗೆ ಬೀಗವಿಲ್ಲ, ತೆಗೆದುಕೊಂಡವನು ತಾನಾಗಿ ಹೇಳಬೇಕು, ಕಳೆದುಕೊಂಡವನು ಕೇಳಬಾರದು. ಹೇಳದೆ ವಾರ ದಾಟಿಸಿದವನಿಗೆ ನಮ್ಮಲ್ಲಿ ಒಂದೇ ಹೆಸರು, ಕಳ್ಳ. "ಇಲ್ಲ" ಎಂದುಬಿಟ್ಟೆ.

ಆಮೇಲೆ ನಾನಿದ್ದ ಸ್ಥಿತಿ ಯಾರಿಗೂ ಬೇಡ. ಕಂಬಕ್ಕೆ ತೂಗುಹಾಕಿದ ಔಷಧಿ ಚೀಲ, ಅದರಿಂದ ಎಡದೋಳಿಗೆ ನಳಿಕೆ, ಬಲಗೈಗೆ ದಬ್ಬೆ. ಗೂಟಕ್ಕೆ ಕಟ್ಟಿದ ಕುರಿಯಾದರೂ ಸುತ್ತ ಒಂದಿಷ್ಟು ಹುಲ್ಲು ಮೇಯುತ್ತದೆ. ಕಿಟಕಿಯಲ್ಲಿ ಬಂದರು ಕಾಣುತ್ತದೆ, ಕಿಟಕಿ ತೆರೆಯುವುದಿಲ್ಲ. ಕ್ರಿಮಿ ಯಾವುದೆಂದು ತಿಳಿಯದೆ ಅವರು ಕೊಟ್ಟ ಔಷಧಿ ನಾಟಲಿಲ್ಲ, ಊತ ಮರಳಿತು, ಎರಡನೆಯ ಸಲ ಕೊಯ್ದರು. ದಿನಾ ಹಾನುಸ್ ಬಂದು ಕೂರುವನು. ದಿನಾ ಬಾಯಿ ತೆರೆಯುವೆ, ಹವಾಮಾನದ ಮಾತಾಡುವೆ.

ಆ ಸುಳ್ಳು ಹೇಳಿದ ಎಂಟನೆಯ ದಿನ ಎಬ್ಬಾ ಒಬ್ಬಳೇ ಬಂದಾಗ ನಿಜ ಹೇಳಿದೆ.

"ಎಷ್ಟು ತಗೊಂಡ್ರಿ?"

"ಒಂದೂವರೆ ಟಗರಿನಷ್ಟು."

ಅವಳು ನಗಲಿಲ್ಲ. "ಎಂಟು ದಿನ ಬೇಕಾಯ್ತಾ ಹೇಳೋಕೆ? ಈ ಎಂಟು ದಿನ ಅದು ನಿಮ್ಮ ಕೀಲಿನ ಮೆದುಮೂಳೆ ತಿಂತಾ ಇತ್ತು."

ಸತ್ತ ಕ್ರಿಮಿಯ ಗುರುತನ್ನೂ ಹಿಡಿಯುವ ಪರೀಕ್ಷೆಗೆ ಕೋಪನ್‌ಹೇಗನ್ನಿಗೆ ಕಳಿಸಿದರು. ಮೂರು ದಿನಕ್ಕೆ ಹೆಸರು ಬಂತು, ಔಷಧಿ ಬದಲಾಯಿತು, ಜ್ವರ ಬಿಟ್ಟಿತು. ಇನ್ನೂ ಮೂರು ವಾರ ಈ ಕಂಬದ ಜೊತೆ ಸಂಸಾರ.

ಹಾನುಸನಿಗೂ ಹೇಳಿದೆ. ಅವನು ಬೂಟು ನೋಡುತ್ತಾ ಕೂತ. "ಬಾಟ್ಲಿ ಇಳಿದಿದ್ದು ನಂಗೆ ಮಾರನೇ ದಿನಾನೇ ಗೊತ್ತಾಯ್ತು ಕಣೋ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಡಾಕ್ಟರು ಕೇಳ್ದಾಗ್ಲೂ ಸುಮ್ನಿದ್ದೆ." ಆಮೇಲೆ ಇಬ್ಬರೂ ಒಣಮಾಂಸ ತಿಂದೆವು. ಅವನೇ ಕತ್ತರಿಸಿ ಕೊಟ್ಟ.

ನೀನು ಸುಖವಾಗಿರು, ಸಮಯಕ್ಕೆ ಸರಿಯಾಗಿ ಉಣ್ಣು, ಡಾಕ್ಟರು ಕೇಳಿದ್ದಕ್ಕೆ ನಿಜ ಹೇಳು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಮಾವ,
ಡಾನ್ಯಲ್

ತಾ.ಕ.: ಬರುವ ಅಕ್ಟೋಬರಿಗೆ ಬಂದು ನನ್ನಿಂದ ಕತ್ತಿ ಹಿಡಿಯುವುದನ್ನು ಕಲಿಯುತ್ತೇನೆಂದು ಬರೆದಿದ್ದೆಯಲ್ಲ, ಹಾನುಸನ ಹತ್ತಿರ ಕಲಿ. ಊರಿನ ಕತ್ತಿಯನ್ನು ಇನ್ನು ಅವನಿಗೇ ಒಪ್ಪಿಸಿದ್ದೇನೆ. ನಿನ್ನೆ ಮಣಿಕಟ್ಟು ಎಷ್ಟು ಬಾಗುತ್ತದೆಂದು ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದರು. ಎಡಗೈ ಎಪ್ಪತ್ತು ಡಿಗ್ರಿ, ಬಲಗೈ ಹನ್ನೊಂದು. ಇನ್ನು ಹೆಚ್ಚುವುದಿಲ್ಲವಂತೆ. ನಿನ್ನ ಅಮ್ಮನಿಗೆ ಫೋನಿನಲ್ಲಿ ಹತ್ತು ಡಿಗ್ರಿ ಹೋಯಿತು ಎಂದಿದ್ದೇನೆ. ಹೋದದ್ದು ಐವತ್ತೊಂಬತ್ತು.